ಪದಚರ್ಚೆ: ಇಲಿಗಳ ‘ಸೆಕ್ಸ್ ಡಿಫರೆನ್ಸ್’ಗೆ ಕನ್ನಡದಲ್ಲಿ ಏನನ್ನೋಣ? (ಅರ್ಜೆಂಟ್)

ನೀಲಾಂಜನ ಬರೆದರು:

ಎಲ್ಲರಿಗೂ ನಮಸ್ಕಾರ. ವಿಜ್ಞಾನ ಪ್ರದರ್ಶನವೊಂದರ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಎಲ್ಲವೂ ಪ್ರಿಂಟಿಗೆ ಹೋಗಬೇಕು. ಒಂದು ತಲೆಬರಹದ ಹತ್ತಿರ ಸಿಕ್ಕಿಹಾಕಿಕೊಂಡು ಕೂತಿದ್ದೇನೆ. ಇಂಗ್ಲಿಷಿನಲ್ಲಿ ಇರುವುದು ‘ಸೆಕ್ಸ್ ಡಿಫರೆನ್ಸಸ್ ಇನ್ ಡಯಾಬಿಟಿಸ್ ಆ್ಯಂಡ್ ಇಟ್ಸ್ ಕಾಂಪ್ಲಿಕೇಶನ್ಸ್ ಇನ್ ಅನಿಮಲ್ ಮಾಡೆಲ್ಸ್’. ಮೊದಲು ಯಾರೋ ಮಾಡಿಟ್ಟ ಕರಡು ಹೀಗಿದೆ:

‘ಪ್ರಾಣಿ ಮಾದರಿಗಳಲ್ಲಿ ಮಧುಮೇಹ ಹಾಗೂ ಅದರ ಉಪದ್ರವಗಳಲ್ಲಿನ ಲಿಂಗ ತಾರತಮ್ಯ’.

ಓದಿದರೆ ಹೆಣ್ಣಿಲಿಗಳು ಸೇರಿಕೊಂಡು ಯಾರದೋ ಮೇಲೆ ದೂರು ಕೊಟ್ಟ ಹಾಗಿದೆ. ‘ಲೈಂಗಿಕ ವ್ಯತ್ಯಾಸ’ ಅಂತ ಹಾಕಿದರೆ ಇನ್ನೂ ಕಷ್ಟ. ಫಲಕದ ಮುಂದೆ ಹೈಸ್ಕೂಲ್ ಮಕ್ಕಳು ನಿಂತಿರುತ್ತಾರೆ. ‘ಮಾಡೆಲ್’ ಮತ್ತು ‘ಕಾಂಪ್ಲಿಕೇಶನ್’ ಬಗ್ಗೆಯೂ ಹೇಳಿ. ಇನ್ನೊಂದು ತಲೆನೋವು: ಮೂಲದಲ್ಲಿ ‘ಮೌಸ್’ ಬೇರೆ, ‘ರ‍್ಯಾಟ್’ ಬೇರೆ. ನಾನು ಎರಡಕ್ಕೂ ಇಲಿ ಅಂತ ಬರೆದುಕೊಂಡು ಹೋಗಿದ್ದೇನೆ.

ಕರಡುತಿದ್ದುಗ ಬರೆದರು:

‘ತಾರತಮ್ಯ’ ತೆಗೆದು ಬಿಸಾಕಿ. ‘ವ್ಯತ್ಯಾಸ’ ಸಾಕು. ತಲೆಬರಹದಲ್ಲಿ ‘ಹಾಗೂ ಅದರ’ ಅಂತ ಬಂದರೆ ಅದು ತಲೆಬರಹವೇ ಅಲ್ಲ, ಪ್ಯಾರಾ.

ಬೇರುಹುಡುಕ ಬರೆದರು:

> ‘ತಾರತಮ್ಯ’ ತೆಗೆದು ಬಿಸಾಕಿ

ಬಿಸಾಕುವ ಮೊದಲು ಪದ ಏನು ಅಂತ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ತರ, ತಮ ಎಂಬ ಎರಡು ಪ್ರತ್ಯಯ ಸೇರಿ ಆದ ಮಾತು ಅದು. ಹೆಚ್ಚು, ಎಲ್ಲಕ್ಕಿಂತ ಹೆಚ್ಚು, ಅಷ್ಟೇ ಅರ್ಥ. ಅನ್ಯಾಯದ ವಾಸನೆ ಆಮೇಲೆ ಅಂಟಿಕೊಂಡದ್ದು. ಹಾಗೇ ‘ಉಪದ್ರವ’. ಇವತ್ತು ನಾವು ಕಾಟ, ಕಿರಿಕಿರಿ ಅನ್ನುವುದಕ್ಕೆ ಬಳಸುತ್ತೇವೆ. ಆದರೆ ಆಯುರ್ವೇದದಲ್ಲಿ ಮೂಲ ರೋಗದ ಬೆನ್ನಿಗೆ ಹುಟ್ಟುವ ಇನ್ನೊಂದು ರೋಗಕ್ಕೇ ಉಪದ್ರವ ಅನ್ನುವುದು. ‘ಕಾಂಪ್ಲಿಕೇಶನ್’ ಅಂದರೂ ಅದೇ ತಾನೆ? ಇನ್ನು ‘ಲಿಂಗ’. ಅದರ ಮೊದಲ ಅರ್ಥ ಗುರುತು, ಚಿಹ್ನೆ. ಗಂಡು ಅಂತ, ಹೆಣ್ಣು ಅಂತ ಹೇಳುವ ಗುರುತು. ಕರಡು ಮಾಡಿದವರು ಯಾರೋ ಬಲ್ಲವರು. ಹಾಗೇ ಬಿಡಿ.

ಕರಡುತಿದ್ದುಗ ಬರೆದರು:

ಫಲಕದ ಕೆಳಗೆ ಅಡಿಟಿಪ್ಪಣಿಯಾಗಿ ನಿಮ್ಮನ್ನೇ ನಿಲ್ಲಿಸೋಣ ಅಲ್ವಾ ಸಾರ್? ಬಂದವರಿಗೆಲ್ಲ ತರ-ತಮ ಹೇಳುತ್ತಾ ಇರಿ.

ಸೂಜಿಮದ್ದು ಬರೆದರು:

ನಾನು ಲ್ಯಾಬಿನಲ್ಲಿ ಇಂಥ ಇಲಿಗಳ ಜೊತೆ ಕೆಲಸ ಮಾಡಿದವಳು. ವಿಷಯ ಏನು ಅಂತ ಹೇಳಿಬಿಡುತ್ತೇನೆ, ಪದ ಅದರಿಂದಲೇ ಹುಟ್ಟಬಹುದು.

ಮೊದಲು ‘ಮಾದರಿ’. ಕನ್ನಡದಲ್ಲಿ ರಕ್ತದ ಮಾದರಿ ಅಂದರೆ ಸ್ಯಾಂಪಲ್. ಮಾದರಿ ಶಾಲೆ ಅಂದರೆ ಎಲ್ಲರೂ ನೋಡಿ ಕಲಿಯಬೇಕಾದ ಶಾಲೆ. ‘ಪ್ರಾಣಿ ಮಾದರಿ’ ಅಂದರೆ ಮಕ್ಕಳಿಗೆ ಹೊಳೆಯುವುದು ಪ್ಲಾಸ್ಟಿಕ್ ಆನೆ, ಕುದುರೆ. ಇಲ್ಲಿ ಮಾದರಿ ಆಗಿರುವುದು ಪ್ರಾಣಿ ಅಲ್ಲ, ಕಾಯಿಲೆ. ಮನುಷ್ಯರ ಕಾಯಿಲೆಯನ್ನು ಹೋಲುವ ಒಂದು ಕಾಯಿಲೆಯನ್ನು ಪ್ರಾಣಿಯಲ್ಲಿ ಬರಿಸಿರುತ್ತಾರೆ. ಇಲ್ಲವೇ ಅದು ತಾನಾಗಿ ಬರುವ ತಳಿಯನ್ನು ಸಾಕಿರುತ್ತಾರೆ. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಅನ್ನುವ ವೈದ್ಯರು ನಾಯಿಯ ಮೇದೋಜೀರಕ ಗ್ರಂಥಿ ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. ಅದೂ ಮಾದರಿಯೇ. ಈಗ ಹೆಚ್ಚಾಗಿ ಇಲಿಗಳೇ ಇರುವುದರಿಂದ ‘ಪ್ರಯೋಗದ ಇಲಿಗಳಲ್ಲಿ’ ಅಂದರೆ ಮುಗಿಯಿತು.

ಈಗ ಗಂಡು-ಹೆಣ್ಣು. ಎನ್‌ಒಡಿ ಅಂತ ಒಂದು ಮೌಸ್ ತಳಿ ಇದೆ, ಜಪಾನಿನಲ್ಲಿ ಬೆಳೆಸಿದ್ದು. ಅದಕ್ಕೆ ಟೈಪ್ 1 ಸಕ್ಕರೆ ಕಾಯಿಲೆ ತಾನಾಗಿಯೇ ಬರುತ್ತದೆ, ದೇಹದ ರಕ್ಷಣಾ ಪಡೆ ಇನ್ಸುಲಿನ್ ಮಾಡುವ ಬೀಟಾ ಕೋಶಗಳ ಮೇಲೇ ತಿರುಗಿಬಿದ್ದು. 30 ವಾರ ಆಗುವಷ್ಟರಲ್ಲಿ ಹೆಣ್ಣುಗಳಲ್ಲಿ ಸುಮಾರು 60ರಿಂದ 80 ಶೇಕಡಕ್ಕೆ ಕಾಯಿಲೆ ಬಂದಿರುತ್ತದೆ. ಗಂಡುಗಳಲ್ಲಿ 20ರಿಂದ 30, ಅಷ್ಟೇ. ಗಂಡಿನ ವೃಷಣ ತೆಗೆದರೆ ಅದಕ್ಕೂ ಜಾಸ್ತಿ ಬರುತ್ತದೆ. ಹೆಣ್ಣಿಗೆ ಗಂಡು ಹಾರ್ಮೋನ್ ಕೊಟ್ಟರೆ ಕಮ್ಮಿ ಆಗುತ್ತದೆ. 2013ರಲ್ಲಿ ಇನ್ನೊಂದು ಸಂಗತಿ ಹೊರಬಂತು. ಗಂಡಿನ ಕರುಳಿನ ಸೂಕ್ಷ್ಮಜೀವಿಗಳನ್ನು ಎಳೆಯ ಹೆಣ್ಣುಗಳ ಹೊಟ್ಟೆಗೆ ಸೇರಿಸಿದರು. ಆ ಹೆಣ್ಣುಗಳಲ್ಲಿ ಟೆಸ್ಟೊಸ್ಟೆರಾನ್ ಅನ್ನುವ ಗಂಡು ಹಾರ್ಮೋನ್ ಏರಿತು, ಕಾಯಿಲೆ ತಗ್ಗಿತು.

ಮಿಕ್ಕ ಕಡೆ ಕಥೆ ಉಲ್ಟಾ. ಸ್ಟ್ರೆಪ್ಟೊಜೊಟೊಸಿನ್ ಅನ್ನುವ ಔಷಧ ಚುಚ್ಚಿ ಬೀಟಾ ಕೋಶ ಕೊಂದರೆ ಗಂಡು ಬೇಗ ಮಣಿಯುತ್ತದೆ. ಅದೇ ಡೋಸಿಗೆ ಹೆಣ್ಣು ಎಷ್ಟೋ ಸಲ ಜಗ್ಗುವುದಿಲ್ಲ. ಕೊಬ್ಬಿನ ಆಹಾರ ಕೊಟ್ಟರೂ ಹಾಗೆ, ಗಂಡು ಊದಿಕೊಂಡು ಸಕ್ಕರೆ ಏರಿಸಿಕೊಳ್ಳುತ್ತದೆ, ಹೆಣ್ಣು ತಡೆದುಕೊಳ್ಳುತ್ತದೆ. ಅಂಡಾಶಯ ತೆಗೆದರೆ ಆ ತಡೆ ಹೋಗುತ್ತದೆ, ಹೆಣ್ಣು ಹಾರ್ಮೋನ್ ಈಸ್ಟ್ರೊಜೆನ್ ಕೊಟ್ಟರೆ ವಾಪಸ್ ಬರುತ್ತದೆ. ಝಡ್‌ಡಿಎಫ್ ಅನ್ನುವ ರ‍್ಯಾಟ್ ತಳಿಯಲ್ಲಿ ಗಂಡು ಹೆಣ್ಣು ಎರಡೂ ದಪ್ಪ. ಸಕ್ಕರೆ ಕಾಯಿಲೆ ಮಾತ್ರ ಗಂಡಿಗೆ. ಹೆಣ್ಣಿಗೆ ಬರಬೇಕಾದರೆ ಬೇರೆ, ಕೊಬ್ಬು ಜಾಸ್ತಿ ಇರುವ ಆಹಾರ ಕೊಡಬೇಕು.

ಇಷ್ಟೆಲ್ಲ ಇರುವಾಗ ‘ಲಿಂಗ’ ಅಂತ ಒಂದೇ ಪದದಲ್ಲಿ ಮುಚ್ಚಿಟ್ಟರೆ ಓದುವವರಿಗೆ ಏನೂ ಸಿಗುವುದಿಲ್ಲ. ‘ಗಂಡು’, ‘ಹೆಣ್ಣು’ ಅಂತ ಬಾಯಿಬಿಟ್ಟು ಹೇಳಿ. ಸಮಾಜದ ಮಾತಿಗೂ ‘ಲಿಂಗ’, ವ್ಯಾಕರಣಕ್ಕೂ ‘ಲಿಂಗ’, ದೇವರಿಗೂ ‘ಲಿಂಗ’. ಇಲಿಗಾದರೂ ಬೇಡ.

ತಿಳಿಗನ್ನಡ ಬರೆದರು:

ಗಂಡು-ಹೆಣ್ಣು ಸರಿ. ಆದರೆ ಮಧುಮೇಹ ಯಾಕೆ? ‘ಸಕ್ಕರೆ ಬೇನೆ’ ಇದೆಯಲ್ಲ. ವ್ಯತ್ಯಾಸಕ್ಕೆ ‘ಬೇರ್ಮೆ’. ಪ್ರಯೋಗದ ಇಲಿ ಅಲ್ಲ, ‘ಅರಕೆಯ ಇಲಿ’. ಒಟ್ಟು: ‘ಅರಕೆಯ ಇಲಿಗಳಲ್ಲಿ ಸಕ್ಕರೆ ಬೇನೆ: ಗಂಡು-ಹೆಣ್ಣು ಬೇರ್ಮೆ’. ಒಂದೂ ಹೊರಗಿನ ಪದವಿಲ್ಲ. ಅರಿಮೆಯ ಮಾತು ಮಕ್ಕಳಿಗೆ ತಲುಪಬೇಕಾದರೆ ನುಡಿ ನಮ್ಮದೇ ಆಗಿರಬೇಕು. ಸಂಸ್ಕೃತದ ಪದ ಬಾಯಿಪಾಠ ಆಗುತ್ತದೆ, ಗೊತ್ತಾಗುವುದಿಲ್ಲ.

ಬೇರುಹುಡುಕ ಬರೆದರು:

> ಒಂದೂ ಹೊರಗಿನ ಪದವಿಲ್ಲ

ಮೊದಲ ಸಾಲಿನಲ್ಲೇ ಇದೆ. ‘ಸಕ್ಕರೆ’ ಎಲ್ಲಿಂದ ಬಂತು ಸ್ವಾಮಿ? ಸಂಸ್ಕೃತದ ‘ಶರ್ಕರಾ’, ಪ್ರಾಕೃತದ ‘ಸಕ್ಕರಾ’, ಆಮೇಲೆ ನಮ್ಮ ‘ಸಕ್ಕರೆ’. ಅದೇ ಶರ್ಕರಾ ಪರ್ಷಿಯನ್, ಅರಬ್ಬಿ ಸುತ್ತಿ ಯುರೋಪಿಗೆ ಹೋಗಿ ‘ಶುಗರ್’ ಆಯಿತು. ‘ನನಗೆ ಶುಗರ್ ಇದೆ’ ಅನ್ನುವವರೂ, ‘ಸಕ್ಕರೆ ಬೇನೆ’ ಅನ್ನುವ ತಾವೂ ಒಂದೇ ಪದ ಆಡುತ್ತಿದ್ದೀರಿ.

ಮಧುಮೇಹವನ್ನೂ ಸ್ವಲ್ಪ ನೋಡಿ. ‘ಮಿಹ್’ ಧಾತು, ಮೂತ್ರ ಮಾಡು ಅಂತ ಅರ್ಥ. ಮಧು ಅಂದರೆ ಜೇನು. ಜೇನಿನಂಥ ಮೂತ್ರ. ಗ್ರೀಕರ ‘ಡಯಾಬಿಟಿಸ್’ ಅಂದರೆ ಹರಿದು ಹೋಗುವುದು, ಅಷ್ಟೇ. ಅದಕ್ಕೆ ಜೇನಿನ ಸಿಹಿ ಸೇರಿಸಲು ಲ್ಯಾಟಿನ್ನಿನ ‘ಮೆಲಿಟಸ್’ ಬೇಕಾಯಿತು. ನಮ್ಮವರು ಒಂದೇ ಪದದಲ್ಲಿ ಹೇಳಿದ್ದರು. ಇಂಥದ್ದನ್ನು ಬಿಟ್ಟು ‘ಬೇನೆ’ ಅಂತೆ. ಬೇನೆ ಅಂದರೆ ನೋವು. ಹೊಟ್ಟೆ ಬೇನೆ, ಹೆರಿಗೆ ಬೇನೆ. ಸಕ್ಕರೆ ಏರಿದರೆ ನೋವೇ ಇರುವುದಿಲ್ಲ, ಅದೇ ಆ ರೋಗದ ಮೋಸ.

ತಿಳಿಗನ್ನಡ ಬರೆದರು:

ಸಕ್ಕರೆ ತದ್ಭವ. ಬಾಯಲ್ಲಿ ನುರಿದು ನಮ್ಮದಾಗಿದೆ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ಇಂಥವಕ್ಕೆ ಅಪಭ್ರಂಶ ಪ್ರಕರಣ ಅಂತ ಬೇರೆಯೇ ಇಟ್ಟಿದ್ದಾನೆ. ಬಂದದ್ದನ್ನು ಕನ್ನಡ ಮಾಡಿಕೊಂಡರೆ ನನಗೇನೂ ತಕರಾರಿಲ್ಲ. ಹಾಗೇ ತಂದು ಕೂರಿಸಿದರೆ ತಕರಾರು.

ಕರಡುತಿದ್ದುಗ ಬರೆದರು:

‘ತಕರಾರು’ ಯಾವ ಅಚ್ಚಗನ್ನಡ?

ತಿಳಿಗನ್ನಡ ಬರೆದರು:

ಅದೂ ನುರಿದಿದೆ.

ಬೆದೆಗಾರ ಬರೆದರು:

ನಾನು ಪಶುವೈದ್ಯ. ಜಗಳದ ನಡುವೆ ಎರಡು ಮಾತು. ನೀಲಾಂಜನ ಅವರು ಬೇರೆ ಮೇಲ್‌ನಲ್ಲಿ ಕಳಿಸಿದ ಒಳಬರಹದಲ್ಲಿ ‘ಎಸ್ಟ್ರಸ್ ಸೈಕಲ್’ಗೆ ‘ಋತುಚಕ್ರ’ ಅಂತಿದೆ. ಬೇಡ. ಋತುಚಕ್ರ ಅಂದರೆ ಎಲ್ಲರೂ ಮುಟ್ಟು ಅಂದುಕೊಳ್ಳುತ್ತಾರೆ. ಲ್ಯಾಬಿನ ಇಲಿ ಮುಟ್ಟಾಗುವುದಿಲ್ಲ, ಬೆದೆಗೆ ಬರುತ್ತದೆ. 4–5 ದಿನಕ್ಕೊಂದು ಸುತ್ತು. ‘ಬೆದೆಯ ಸುತ್ತು’ ಅನ್ನಿ. ದನ ಸಾಕಿದವರ ಮನೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಯೇ ಇಲ್ಲ.

ಮೌಸ್, ರ‍್ಯಾಟ್ ಎರಡನ್ನೂ ಇಲಿ ಅಂದರೆ ಆಗದು. ಒಂದು 25–30 ಗ್ರಾಂ ತೂಗುತ್ತದೆ, ಇನ್ನೊಂದು ಅದರ ಹತ್ತು ಪಟ್ಟು. ಔಷಧದ ಡೋಸೂ ಬೇರೆ, ತಳಿಗಳೂ ಬೇರೆ. ‘ಸುಂಡಿಲಿ’ ಅನ್ನೋಣ ಅಂದರೆ ಎಷ್ಟೋ ಜನರಿಗೆ ಅದು ಮೂಗಿಲಿ. ಮೂಗಿಲಿ ಇಲಿಯ ಜಾತಿಯೇ ಅಲ್ಲ. ‘ಚಿಟ್ಟಿಲಿ’ ಒಳ್ಳೆಯದು. ಮೌಸ್‌ಗೆ ಚಿಟ್ಟಿಲಿ, ರ‍್ಯಾಟ್‌ಗೆ ಇಲಿ.

ಕರಡುತಿದ್ದುಗ ಬರೆದರು:

ಚಿಟ್ಟಿಲಿ ಚೆನ್ನಾಗಿದೆ. ಒಳಬರಹ ನಾನೂ ನೋಡಿದೆ. ಒಂದು ಕಡೆ ಹೀಗಿದೆ: ‘ಹೆಣ್ಣು ಇಲಿಯ ಅಂಡಾಶಯ ತೆಗೆದು ಗಂಡಿನ ಜೊತೆ ಹೋಲಿಸಿದಾಗ ಅದಕ್ಕೆ ಸಕ್ಕರೆ ಏರಿತು’. ಯಾವುದಕ್ಕೆ? ಕನ್ನಡದಲ್ಲಿ ಮನುಷ್ಯರಿಗೆ ಅವನು, ಅವಳು ಇದೆ. ಪ್ರಾಣಿಗೆ ಗಂಡಾದರೂ ‘ಅದು’, ಹೆಣ್ಣಾದರೂ ‘ಅದು’. ಎತ್ತೂ ಬಂತು, ಹಸುವೂ ಬಂತು. ಗಂಡು-ಹೆಣ್ಣಿನ ವ್ಯತ್ಯಾಸವೇ ವಿಷಯ ಆಗಿರುವ ಬರಹವನ್ನು ಆ ವ್ಯತ್ಯಾಸವೇ ಇಲ್ಲದ ಸರ್ವನಾಮದಲ್ಲಿ ಬರೆಯುವ ಕಷ್ಟ ಇದು. ‘ಅದು’ ಕಂಡಲ್ಲೆಲ್ಲ ಹೊಡೆದು ಹಾಕಿ. ‘ಗಂಡು’, ‘ಹೆಣ್ಣು’ ಅಂತ ಪ್ರತಿ ಸಲ ಬರೆಯಿರಿ. ಓದಲು ಬೋರ್ ಆಗಲಿ, ತಪ್ಪು ಆಗುವುದು ಬೇಡ.

ಸೂಜಿಮದ್ದು ಬರೆದರು:

ಬೆದೆ ಅಂದಮೇಲೆ ಇದನ್ನೂ ಹೇಳಬೇಕು. ವರ್ಷಗಟ್ಟಲೆ ಲ್ಯಾಬುಗಳು ಬರೀ ಗಂಡಿಲಿ ಇಟ್ಟುಕೊಂಡಿದ್ದಕ್ಕೆ ಕೊಡುತ್ತಿದ್ದ ಕಾರಣ ಇದೇ ಬೆದೆ. ಹೆಣ್ಣಿನ ಹಾರ್ಮೋನ್ ಏರಿಳಿಯುತ್ತದೆ, ಲೆಕ್ಕ ಚೆದುರುತ್ತದೆ ಅಂತ. 2014ರಲ್ಲಿ 293 ಸಂಶೋಧನಾ ಲೇಖನಗಳನ್ನು ತೆಗೆದು ನೋಡಿದರು. ಹೆಣ್ಣು ಚಿಟ್ಟಿಲಿಗಳ ಅಳತೆಗಳು ಗಂಡಿನದಕ್ಕಿಂತ ಜಾಸ್ತಿ ಚೆದುರಿರಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2016ರಿಂದ, ಹಣ ಕೇಳುವವರು ಗಂಡು-ಹೆಣ್ಣಿನ ವಿಷಯ ಲೆಕ್ಕಕ್ಕೆ ತಗೊಂಡಿರಬೇಕು, ಇಲ್ಲವಾದರೆ ಯಾಕೆ ಇಲ್ಲ ಅಂತ ಹೇಳಬೇಕು ಅಂತ ಮಾಡಿತು.

ಒಂದು ಸಿಕ್ಕು ಉಳಿದಿದೆ, ನನ್ನ ವಾದಕ್ಕೇ ಅಡ್ಡ ಬರುವಂಥದ್ದು. ‘ಫೋರ್ ಕೋರ್ ಜೀನೋಟೈಪ್ಸ್’ ಅಂತ ಚಿಟ್ಟಿಲಿಗಳ ಒಂದು ಬಗೆ ಇದೆ. ವೃಷಣ ಬೆಳೆಸುವ ಜೀನನ್ನು ವೈ ಕ್ರೋಮೋಸೋಮಿನಿಂದ ಕಿತ್ತು ಬೇರೆ ಕ್ರೋಮೋಸೋಮಿನಲ್ಲಿ ಕೂರಿಸಿರುತ್ತಾರೆ. ಆಗ ಎಕ್ಸ್‌ಎಕ್ಸ್ ಇದ್ದೂ ವೃಷಣ ಇರುವ ಇಲಿ ಹುಟ್ಟುತ್ತದೆ, ಎಕ್ಸ್‌ವೈ ಇದ್ದೂ ಅಂಡಾಶಯ ಇರುವ ಇಲಿ ಹುಟ್ಟುತ್ತದೆ. ವ್ಯತ್ಯಾಸ ಹಾರ್ಮೋನಿನದೋ ಕ್ರೋಮೋಸೋಮಿನದೋ ಅಂತ ಬಿಡಿಸಿ ನೋಡಲು ಇದು. ದಪ್ಪ ಆಗುವ ವಿಷಯದಲ್ಲಿ ಎರಡು ಎಕ್ಸ್ ಇರುವುದೇ ಒಂದು ಕಾರಣ ಅಂತ ಹೀಗೆಯೇ ಗೊತ್ತಾಗಿದ್ದು. ಫಲಕದ ಕೊನೆಯ ಪ್ಯಾರಾದಲ್ಲಿ ಇದು ಬರುತ್ತದೆ. ಈ ಇಲಿಯನ್ನು ಗಂಡು ಅನ್ನಬೇಕಾ, ಹೆಣ್ಣು ಅನ್ನಬೇಕಾ?

ಬೇರುಹುಡುಕ ಬರೆದರು:

ಬನ್ನಿ ದಾರಿಗೆ. ಅದಕ್ಕೇ ನಾನು ಹೇಳಿದ್ದು, ಲಿಂಗ ಅಂದರೆ ಗುರುತು. ಒಂದು ಗುರುತು ಕ್ರೋಮೋಸೋಮಿನಲ್ಲಿ, ಇನ್ನೊಂದು ಗುರುತು ಗ್ರಂಥಿಯಲ್ಲಿ. ಎರಡೂ ಬೇರೆ ಬೇರೆ ಹೇಳಿದಾಗ ‘ಗಂಡು’, ‘ಹೆಣ್ಣು’ ಕೈಕೊಡುತ್ತವೆ. ‘ಲಿಂಗ’ ಕೈಕೊಡುವುದಿಲ್ಲ. ‘ಕ್ರೋಮೋಸೋಮಿನ ಲಿಂಗ’, ‘ಗ್ರಂಥಿಯ ಲಿಂಗ’. ಎಷ್ಟು ಸಲೀಸಾಗಿದೆ ನೋಡಿ.

ಸೂಜಿಮದ್ದು ಬರೆದರು:

ಆ ಪ್ಯಾರಾಕ್ಕೆ ಒಪ್ಪಿದೆ. ತಲೆಬರಹಕ್ಕೆ ಒಪ್ಪುವುದಿಲ್ಲ.

ತಿಳಿಗನ್ನಡ ಬರೆದರು:

ಕ್ರೋಮೋಸೋಮಿಗೆ ಕನ್ನಡ ಇಲ್ಲವಾ? ಹಾರ್ಮೋನಿಗೆ? ಇಡೀ ಫಲಕದಲ್ಲಿ ಕನ್ನಡದ್ದು ಅಂತ ಉಳಿದದ್ದು ಇಲಿ ಒಂದೇ ಅನ್ನಿಸುತ್ತಿದೆ.

ಕರಡುತಿದ್ದುಗ ಬರೆದರು:

‘ಇನ್ಸುಲಿನ್’ ಬಿಟ್ಟಿರಿ. ಲ್ಯಾಟಿನ್ನಿನಲ್ಲಿ ‘ಇನ್ಸುಲಾ’ ಅಂದರೆ ದ್ವೀಪ. ಮೇದೋಜೀರಕದಲ್ಲಿ ದ್ವೀಪಗಳ ಹಾಗೆ ಚದುರಿರುವ ಕೋಶಗಳ ಗುಂಪಿನಿಂದ ಬರುವುದಕ್ಕೆ ಆ ಹೆಸರು. ನಿಮ್ಮ ಲೆಕ್ಕದಲ್ಲಿ ‘ನಡುಗಡ್ಡೆರಸ’ ಆಗಬೇಕು. ಔಷಧದಂಗಡಿಯಲ್ಲಿ ನಡುಗಡ್ಡೆರಸ ಕೊಡಿ ಅಂತ ಕೇಳಿ ನೋಡಿ. ರೋಗಿಯ ಬಾಯಲ್ಲಿ ಇರುವ ಪದವೇ ಕನ್ನಡ. ಶುಗರ್, ಇನ್ಸುಲಿನ್, ಕಿಡ್ನಿ. ಮುಗಿಯಿತು.

ತಿಳಿಗನ್ನಡ ಬರೆದರು:

ರೋಗಿ ಬಾಯಲ್ಲಿ ಇರುವುದೆಲ್ಲ ಡಾಕ್ಟರು ತುರುಕಿದ್ದು. ಡಾಕ್ಟರಿಗೆ ಮೊದಲೇ ಕನ್ನಡ ಪದ ಕೊಟ್ಟಿದ್ದರೆ ರೋಗಿಯೂ ಅದನ್ನೇ ಆಡುತ್ತಿದ್ದ. ನಾವು ಪದ ಕಟ್ಟುವುದರಲ್ಲಿ ತಡ ಮಾಡಿ, ಆಮೇಲೆ ‘ಜನ ಆಡುವುದೇ ಭಾಷೆ’ ಅಂತ ಕೈತೊಳೆದುಕೊಳ್ಳುತ್ತೇವೆ. ‘ನಡುಗಡ್ಡೆರಸ’ ಅಂತ ನಗಾಡುವುದು ಸುಲಭ.

ಬೇರುಹುಡುಕ ಬರೆದರು:

ಇದರಲ್ಲಿ ತಿಳಿಗನ್ನಡ ಅವರ ಮಾತಿಗೆ ನನ್ನದೂ ಒಂದು ಹೂಂ. ಆದರೆ ಕಟ್ಟುವುದು ಯಾವುದರಿಂದ ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ಅವರು ಕಟ್ಟುವ ಪದಕ್ಕೆ ಪ್ರತಿ ಸಲ ಪಕ್ಕದಲ್ಲಿ ಅರ್ಥ ಬರೆಯಬೇಕು. ‘ಅರಕೆ’ ಅಂದರೆ ಬಹಳ ಜನರಿಗೆ ಕೊರತೆ ಅಂತ.

ನೀಲಾಂಜನ ಬರೆದರು:

ಸಾರ್, ಮೇಡಂ, ಎಲ್ಲರೂ ಸ್ವಲ್ಪ ನಿಲ್ಲಿ. ಚಿಟ್ಟಿಲಿ, ಬೆದೆಯ ಸುತ್ತು, ‘ಗ್ರಂಥಿಯ ಲಿಂಗ’ ಮೂರೂ ತಗೊಂಡೆ. ‘ಅದು’ ಎಲ್ಲ ಹೊಡೆದೆ. ಮಕ್ಕಳಿಗೆ ಅಂತ ‘ಸಕ್ಕರೆ ಕಾಯಿಲೆ’ ಇಟ್ಟುಕೊಂಡಿದ್ದೇನೆ. ‘ಕಾಂಪ್ಲಿಕೇಶನ್’ ಉಳಿಯಿತು. ‘ಅಡ್ಡಪರಿಣಾಮ’ ಅಂತ ಹಾಕಲಾ? ತಲೆಬರಹ ಹೀಗೆ ಅಂದುಕೊಂಡಿದ್ದೇನೆ: ‘ಸಕ್ಕರೆ ಕಾಯಿಲೆ ಮತ್ತು ಅದರ ಅಡ್ಡಪರಿಣಾಮ: ಗಂಡಿಗೆ ಜಾಸ್ತಿ, ಹೆಣ್ಣಿಗೆ ಕಮ್ಮಿ’.

ಬೆದೆಗಾರ ಬರೆದರು:

ಅಡ್ಡಪರಿಣಾಮ ಔಷಧಿಗೆ. ಕಾಯಿಲೆಗೆ ಅಲ್ಲ. ‘ತೊಡಕು’ ಅನ್ನಿ.

ಸೂಜಿಮದ್ದು ಬರೆದರು:

ತೊಡಕು ಸರಿ. ಆದರೆ ‘ಗಂಡಿಗೆ ಜಾಸ್ತಿ, ಹೆಣ್ಣಿಗೆ ಕಮ್ಮಿ’ ದಯವಿಟ್ಟು ಬೇಡ. ಎನ್‌ಒಡಿಯಲ್ಲಿ ಹೆಣ್ಣಿಗೇ ಜಾಸ್ತಿ ಅಂತ ಮೇಲೆ ಬರೆದೆನಲ್ಲ. ಇನ್ನೂ ದೊಡ್ಡ ವಿಷಯ ಆ ‘ಮತ್ತು ಅದರ’ದಲ್ಲಿ ಇದೆ. ಕಾಯಿಲೆ ಬರುವುದರಲ್ಲಿ ಗಂಡು-ಹೆಣ್ಣಿನ ವ್ಯತ್ಯಾಸ ಒಂದು. ಬಂದ ಮೇಲೆ ಕಿಡ್ನಿ, ಕಣ್ಣು, ನರ, ಹೃದಯ ಎಷ್ಟು ಕೆಡುತ್ತವೆ ಅನ್ನುವುದರಲ್ಲಿನ ವ್ಯತ್ಯಾಸ ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಒಂದರ ಉತ್ತರ ಇನ್ನೊಂದಕ್ಕೂ ಅನ್ನಿಸುತ್ತದೆ.

ಅಕಿಟಾ ಅನ್ನುವ ಚಿಟ್ಟಿಲಿ ನೋಡಿ. ಇನ್ಸುಲಿನ್ ಜೀನಿನಲ್ಲೇ ದೋಷ. ಗಂಡಿಗೆ ಸಕ್ಕರೆ ತುಂಬಾ ಏರುತ್ತದೆ, ಹೆಣ್ಣಿಗೆ ಅಷ್ಟಿಲ್ಲ. ಗಂಡಿನ ಕಿಡ್ನಿ ಜಾಸ್ತಿ ಕೆಟ್ಟಿತು ಅನ್ನೋಣ. ಅದು ಗಂಡು ಅಂತ ಕೆಟ್ಟಿತಾ, ಸಕ್ಕರೆ ಜಾಸ್ತಿ ಇತ್ತು ಅಂತ ಕೆಟ್ಟಿತಾ? ಎರಡರ ಸಕ್ಕರೆಯನ್ನೂ ಒಂದೇ ಮಟ್ಟಕ್ಕೆ ತಂದು ನೋಡದೆ ಹೇಳಲಾಗದು. ಸ್ಟ್ರೆಪ್ಟೊಜೊಟೊಸಿನ್‌ನಲ್ಲೂ ಇದೇ ಪೇಚು. ಹೆಣ್ಣಿಗೆ ಡೋಸ್ ಏರಿಸಿ ಸಕ್ಕರೆ ಸಮ ಮಾಡಬಹುದು. ಆದರೆ ಆ ಔಷಧ ಕಿಡ್ನಿಗೂ ವಿಷ. ಡೋಸ್ ಏರಿಸಿದ್ದೇ ಕಿಡ್ನಿ ಕೆಡಿಸಿರಬಹುದು.

ಮನುಷ್ಯರಲ್ಲಿ ನೋಡಿದರೆ ಬರುವುದಕ್ಕೂ ಬಂದ ಮೇಲಿನದಕ್ಕೂ ದಿಕ್ಕೇ ಬೇರೆ. ಟೈಪ್ 2 ಬರುವುದು ಗಂಡಸರಿಗೆ ಸ್ವಲ್ಪ ಜಾಸ್ತಿ, ಅದೂ ಕಡಿಮೆ ತೂಕದಲ್ಲೇ. ಬಂದ ಮೇಲೆ ಹೃದಯದ ವಿಷಯದಲ್ಲಿ ಹೆಚ್ಚು ಕಳೆದುಕೊಳ್ಳುವವರು ಹೆಂಗಸರು. 2014ರಲ್ಲಿ 64 ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ, ಸಕ್ಕರೆ ಕಾಯಿಲೆಯಿಂದ ಹೃದ್ರೋಗದ ಅಪಾಯ ಏರುವ ಪ್ರಮಾಣ ಹೆಂಗಸರಲ್ಲಿ ಗಂಡಸರಿಗಿಂತ 44 ಶೇಕಡ ಜಾಸ್ತಿ ಇತ್ತು. ಟೈಪ್ 1ರಲ್ಲಂತೂ ಎನ್‌ಒಡಿ ಹೆಣ್ಣಿಲಿಗಳ ಕಥೆ ಮನುಷ್ಯರಿಗೆ ಹೊಂದುವುದೇ ಇಲ್ಲ. ಹೆಂಗಸರಿಗೇ ಜಾಸ್ತಿ ಅನ್ನುವ ಮಾತು ಅಲ್ಲಿ ಕಾಣುವುದಿಲ್ಲ. ಆದ್ದರಿಂದ ‘ಇಲಿಗಳಲ್ಲಿ’ ಅನ್ನುವ ಪದ ಸಣ್ಣ ಅಕ್ಷರದಲ್ಲಿ ಮೂಲೆಗೆ ಹೋಗುವುದು ಬೇಡ.

ಕರಡುತಿದ್ದುಗ ಬರೆದರು:

ಹಾಗಾದರೆ ಎರಡು ಸಾಲು ಮಾಡಿ. ದೊಡ್ಡದಾಗಿ: ‘ಇಲಿಗಳಲ್ಲಿ ಸಕ್ಕರೆ ಕಾಯಿಲೆ: ಗಂಡಿಗೊಂದು ಥರ, ಹೆಣ್ಣಿಗೊಂದು ಥರ’. ಕೆಳಗೆ: ‘ಯಾರಿಗೆ ಬರುತ್ತದೆ? ಬಂದ ಮೇಲೆ ಯಾರಿಗೆ ತೊಡಕು ಹೆಚ್ಚು?’ ಒಳಗೂ ಎರಡು ಭಾಗ ಮಾಡಿ. ‘ಗಂಡಿಲಿ’ ಅಂತ ಸಂಧಿ ಮಾಡಬೇಡಿ, ‘ಗಂಡು ಇಲಿ’ ಅಂತ ಬಿಡಿಸಿ. ಮಕ್ಕಳು ದೂರದಿಂದ ಓದುತ್ತಾರೆ.

ನೀಲಾಂಜನ ಬರೆದರು:

ಇದೇ ಹಾಕುತ್ತೇನೆ. ಅಕಿಟಾದ ಪ್ರಶ್ನೆಯನ್ನು ಎರಡನೇ ಭಾಗದ ಮೊದಲಿಗೆ ತಂದೆ. ಹೃದಯದ 44 ಶೇಕಡವನ್ನು ‘ಮನುಷ್ಯರಲ್ಲಿ’ ಅಂತ ಬೇರೆ ಚೌಕದಲ್ಲಿ ಇಟ್ಟೆ. ಎಲ್ಲರಿಗೂ ಥ್ಯಾಂಕ್ಸ್.

ತಿಳಿಗನ್ನಡ ಬರೆದರು:

‘ಕ್ರೋಮೋಸೋಮಿನ ಲಿಂಗ’ ಹಾಗೇ ಉಳಿಯಿತಲ್ಲ. ಇರಲಿ ಬಿಡಿ.

ಬೇರುಹುಡುಕ ಬರೆದರು:

ಅಚ್ಚಗನ್ನಡದವರು ‘ಥರ’ಕ್ಕೆ ಸುಮ್ನೆ ಇದ್ದುಬಿಟ್ಟರು, ಆಶ್ಚರ್ಯ. ಅದು ಯಾವ ಭಾಷೆಯದು ಅಂತ ಯಾರಾದರೂ ಹೇಳಿ ನೋಡೋಣ. ಬೇರೆ ಮೇಲ್ ಶುರು ಮಾಡಿ, ಇಲ್ಲಿ ಬೇಡ.